ಶಶಿಯಕ್ಕ ಕೇಳಿಸಿದ ಪ್ರಶ್ನೆ

ನಮ್ಮೂರಿನಲ್ಲಿ ಬೀಡಿ ಕಟ್ಟುವ ಹೆಂಗಸನ್ನು ‘ಏನು ಕೆಲಸ ಮಾಡುತ್ತೀರಿ’ ಎಂದು ಕೇಳಿ ನೋಡಿ. ‘ಕೆಲಸವಾ? ಎಂತದೂ ಇಲ್ಲ, ಮನೆಯಲ್ಲೇ’ ಎನ್ನುತ್ತಾಳೆ. ಹಾಗೆನ್ನುವಾಗಲೂ ಅವಳ ಮಡಿಲಲ್ಲಿ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಎಲೆ, ಎಲೆಯ ಪಕ್ಕದಲ್ಲಿ ಹೊಗೆಸೊಪ್ಪಿನ ಪುಡಿ ಇರುತ್ತದೆ. ಬೆರಳುಗಳು ಸುತ್ತುತ್ತಲೇ ಇರುತ್ತವೆ. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಳ್ಳಬೇಡಿ. ನಮ್ಮ ತುಳುವಿನಲ್ಲಿ ‘ಬೇಲೆ’ ಎಂದರೆ ಹೆಂಗಸರ ಮಟ್ಟಿಗೆ ಮನೆ ಬಿಟ್ಟು ಹೋಗಿ ಮಾಡುವಂಥದ್ದು. ಜಗಲಿಯಲ್ಲಿ ಕುಳಿತು ಇಡೀ ದಿನ ಬೆನ್ನು ಬಗ್ಗಿಸಿದರೂ ಅದು ಬೇಲೆಯಲ್ಲ. ಹಾಗಂತ ಯಾರು ತೀರ್ಮಾನ ಮಾಡಿದರೋ, ಅವರು ಒಂದು ಬೀಡಿಯನ್ನೂ ಕಟ್ಟಿದವರಲ್ಲ.

ಶಶಿಪ್ರಭಾ, ನಮ್ಮ ಶಶಿಯಕ್ಕ, ನನ್ನ ಪಕ್ಕದ ಮನೆಯವಳು. ತೋಡಾರಿನ ರಸ್ತೆಯಿಂದ ಒಳಗೆ, ಕೆಂಪುಕಲ್ಲಿನ ಕೋರೆ ದಾಟಿದರೆ ನಮ್ಮ ಮನೆಗಳು. ಅವಳ ಗಂಡ ಸುಧಾಕರ ಮಸ್ಕತ್ತಿನ ಹೋಟೆಲೊಂದರಲ್ಲಿ ಅಡುಗೆಯವನು. ಅವರಿಬ್ಬರು ಒಟ್ಟಿಗೆ ಊಟ ಮಾಡಿದ್ದಕ್ಕಿಂತ ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿಕೊಂಡದ್ದೇ ಹೆಚ್ಚು. ಮಕ್ಕಳಾಗಲಿಲ್ಲ. ಜಗಲಿ ತುಂಬಿಕೊಂಡದ್ದು ಆಚೆಮನೆಯ ನಸೀಬಾಳಿಂದ. ಇಬ್ಬರೂ ಸೊಸೆಯಂದಿರಾಗಿ ಬಂದ ಕಾಲದಿಂದ ಅಲ್ಲೇ ಎದುರುಬದುರು ಕುಳಿತು ಬೀಡಿ ಕಟ್ಟಿದವರು. ಜಗಳವಾಡಿ ಮಾತು ಬಿಟ್ಟ ದಿನವೂ ನಸೀಬಾ ತಡ್ಪೆ ಹಿಡಿದುಕೊಂಡು ಬಂದು, ಬೆನ್ನು ತಿರುಗಿಸಿ ಕುಳಿತು ಕಟ್ಟಿ, ಸಂಜೆ ಎದ್ದು ಹೋಗುತ್ತಿದ್ದಳು.

ಆ ನಸೀಬಾಳಿಗೆ ಕೆಮ್ಮು ಹಿಡಿಯಿತು. ಪೇಟೆಯ ಒಂದು ಆಸ್ಪತ್ರೆಗೆ ಶಶಿಯಕ್ಕನೇ ಕರೆದುಕೊಂಡು ಹೋದಳು. ಡಾಕ್ಟರು ಕೇಳಬೇಕಾದದ್ದನ್ನೆಲ್ಲ ಕೇಳಿದರು.

“ತಂಬಾಕು ಉಂಟಾ?”

“ಛೀ, ಇಲ್ಲ ಡಾಕ್ಟ್ರೇ!” ನಸೀಬಾಳಿಗೆ ಸಿಟ್ಟೇ ಬಂತು. ಎಲೆಅಡಿಕೆ ಕೂಡ ಜಗಿಯದ ಹೆಂಗಸನ್ನು ಹೀಗೆ ಕೇಳುವುದೇ?

“ಮನೆಯಲ್ಲಿ ಧೂಳು?”

“ಎರಡು ಹೊತ್ತು ಗುಡಿಸ್ತೇನೆ.”

“ಕೆಲಸ ಎಂತ?”

“ಎಂತದೂ ಇಲ್ಲ, ಮನೆಯಲ್ಲೇ.”

ಒಂದೂ ಸುಳ್ಳಲ್ಲ. ಕೊನೆಗೆ ಬೆಕ್ಕು ಉಂಟಾ ಎಂದು ಕೇಳಿದಾಗ ಉಂಟು ಎಂದಳು. ಎಲ್ಲ ತಪ್ಪೂ ಬೆಕ್ಕಿನ ತಲೆಗೆ ಬಂತು. ಬೆಕ್ಕನ್ನು ಅಬ್ದುಲ್ ರವೂಫನ ಜೀನಸು ಅಂಗಡಿಗೆ ಬಿಟ್ಟು ಬಂದರು. ನಸೀಬಾ ಅಲರ್ಜಿಯ ಮಾತ್ರೆ ನುಂಗಿಕೊಂಡು ಮತ್ತೆ ತಡ್ಪೆ ಮಡಿಲಿಗೆ ಹಾಕಿಕೊಂಡಳು. ಹೀಗೇ ಕೆಲವು ವರ್ಷ ಕಳೆದವು. ಕಡೆಗೆ ಮಂಗಳೂರಿನ ಒಬ್ಬ ವೈದ್ಯರು ಅವಳ ಬೆರಳ ತುದಿ ನೋಡಿ, “ನೀವು ಬೀಡಿ ಕಟ್ಟುವುದಾ? ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?” ಎಂದು ಕೇಳಿದರು. “ಯಾರೂ ಕೇಳ್ಲಿಲ್ಲ” ಎಂದಳು ನಸೀಬಾ. ಆ ಹೊತ್ತಿಗೆ ಶ್ವಾಸಕೋಶದಲ್ಲಿ ಉಳಿದದ್ದು ಸ್ವಲ್ಪವೇ. ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ ತೀರಿಕೊಂಡಳು.

ಶಶಿಯಕ್ಕ ಅಳುವ ಪೈಕಿಯವಳಲ್ಲ. ಆದರೆ ಜಗಲಿಯಲ್ಲಿ ಒಬ್ಬಳೇ ಕುಳಿತು, ಎದುರಿನ ಖಾಲಿ ಜಾಗಕ್ಕೆ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆ ಜಾಗಕ್ಕೆ ಬಂದು ಕುಳಿತವಳು ನಸೀಬಾಳ ಮಗಳು ಸಮೀನಾ. ಅವಳ ಗಂಡ ಇಹ್ಸಾನ್ ದಮ್ಮಾಮಿನಲ್ಲಿ. ಅವನು ರಜೆಯಲ್ಲಿ ಬರುವವರೆಗೆ ಅವಳು ತಂದೆಯ ಮನೆಯಲ್ಲೇ ಇದ್ದಳು. ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ‘ನಮ್ಮ ಮನೆಗೆ ಬರುವವಳು ಬೀಡಿ ಕಟ್ಟಬಾರದು’ ಎಂದಿದ್ದರು. ‘ಅವಳು ಕಟ್ಟುವುದೇ ಇಲ್ಲ’ ಎಂದು ಇವರು ಹೇಳಿದ್ದರು. ಹಾಗಾಗಿ ಸಮೀನಾ ತನ್ನ ಮನೆಯಲ್ಲಿ ತಡ್ಪೆ ಮುಟ್ಟುತ್ತಿರಲಿಲ್ಲ. ಶಶಿಯಕ್ಕನ ಜಗಲಿಗೆ ಬಂದು ಕಟ್ಟುತ್ತಿದ್ದಳು, ಆ ಬೀಡಿ ಶಶಿಯಕ್ಕನ ಹೆಸರಿನಲ್ಲೇ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತಿತ್ತು. ಶಶಿಯಕ್ಕ ಇದಕ್ಕೆ ಒಪ್ಪಿದ್ದು ಏಕೆಂದು ಬೇರೆ ಹೇಳಬೇಕಾಗಿಲ್ಲ. ಎದುರಿಗೆ ಒಂದು ಜೀವ ಬೇಕಿತ್ತು.

ಮಳೆ ನಿಲ್ಲುವ ಹೊತ್ತಿಗೆ ಸಮೀನಾ ಕೆಮ್ಮತೊಡಗಿದಳು. ತಾಯಿಯದೇ ಕೆಮ್ಮು. ಮೊದಲು ಗಂಟಲು ಸರಿಮಾಡಿಕೊಂಡಂತೆ, ಆಮೇಲೆ ಎದೆಯ ಅಡಿಯಿಂದ. “ನೀನು ಕಟ್ಟುವುದು ಬಿಡು” ಎಂದರೆ ನಗುತ್ತಿದ್ದಳು. “ಡಾಕ್ಟ್ರ ಹತ್ರ ಹೇಳುವ” ಎಂದರೆ ಎದ್ದು ಹೋಗುತ್ತಿದ್ದಳು.

ಆಗ ಶಶಿಯಕ್ಕನ ತಲೆಗೆ ಗ್ರಾಮಸಭೆಯ ಯೋಚನೆ ಬಂತು. ನಮ್ಮ ಗ್ರಾಮಸಭೆಗಳಲ್ಲಿ ಚರಂಡಿ, ದಾರಿದೀಪ, ಮಂಗನ ಕಾಟ ಇಷ್ಟೇ ವಿಷಯ. ಅಂಥಲ್ಲಿ ಇವಳು ಎದ್ದು ನಿಂತು, ತುಳು ಬಿಟ್ಟು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು:

“ಬೀಡಿ ಕಟ್ಟುವ ಹೆಂಗಸರಿಗೆ ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಆಗ್ಬೇಕು. ಅದಕ್ಕಿಂತ ಮೊದ್ಲು, ಎಲ್ಲ ಆಸ್ಪತ್ರೆಯಲ್ಲಿ ಕೆಲಸ ಎಂತ ಅಂತ ಕೇಳುವುದು ಬಿಟ್ಟು, ಬೀಡಿ ಕಟ್ತೀರಾ ಅಂತಲೇ ಕೇಳ್ಬೇಕು. ಇದನ್ನು ಸರ್ಕಾರದ ನಿಯಮ ಮಾಡ್ಬೇಕು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ತಿರುಗಿ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಆರೋಗ್ಯ ಕೇಂದ್ರದಿಂದ ಬಂದಿದ್ದ ಡಾಕ್ಟರ್ ವಿಸ್ಮಿತಾ ನಗಲಿಲ್ಲ. ಚಿಕ್ಕ ಪ್ರಾಯದ ಹುಡುಗಿ, ಒಳ್ಳೆಯವಳು.

“ನಿಯಮ ಮಾಡುವುದು ನನ್ನ ಕೈಯಲ್ಲಿ ಇಲ್ಲ ಅಮ್ಮ. ಆದ್ರೆ ಮೇಲಿನವರಿಗೆ ನಾನು ಬರೀತೇನೆ. ನಿಮ್ಮಲ್ಲಿ ಎಷ್ಟು ಜನ ಕಟ್ತಾರೆ ಅಂತ ಒಮ್ಮೆ ಗೊತ್ತಾಗ್ಲಿ.”

“ಕಟ್ಟುವವರು ಕೈ ಎತ್ತಿ” ಎಂದು ಶಶಿಯಕ್ಕ ಹಿಂದಕ್ಕೆ ತಿರುಗಿದಳು.

ಸಭೆಯಲ್ಲಿ ಇದ್ದ ಊರ ಹೆಂಗಸರಲ್ಲಿ ಬೀಡಿ ಕಟ್ಟದವರು ನಾನು ಮತ್ತು ಅಂಗನವಾಡಿ ಟೀಚರು ಮಾತ್ರ. ಒಂದು ಕೈಯೂ ಮೇಲೆ ಬರಲಿಲ್ಲ. ಬಾಗಿಲ ಹತ್ತಿರ ಬೀಡಿ ಬ್ರಾಂಚಿನ ಲತೇಶ್ ನಿಂತಿದ್ದ. ಪಾಪ, ಅವನು ಬಂದದ್ದು ತನ್ನ ಮನೆಯ ನೀರಿನ ಪೈಪಿನ ವಿಷಯಕ್ಕೆ. ಆದರೆ ಕಾಯಿಲೆಯ ಮಾತು ದೊಡ್ಡದಾದರೆ ಬ್ರಾಂಚಿನವರು ಎಲೆ ಕೊಡುವುದನ್ನೇ ನಿಲ್ಲಿಸಿಯಾರು ಎಂಬ ಹೆದರಿಕೆ ಎಲ್ಲರಿಗೂ. ಸಮೀನಾ ಗೋಡೆಗೆ ಒರಗಿ ಕುಳಿತು ನೆಲ ನೋಡುತ್ತಿದ್ದಳು. ಶಶಿಯಕ್ಕ ತನ್ನ ಕೈಯನ್ನು ಎತ್ತಿ ನಿಂತಳು. ಅಧ್ಯಕ್ಷರು ‘ಆಯ್ತಮ್ಮ, ಕೂತ್ಕೊಳ್ಳಿ’ ಎನ್ನುವವರೆಗೂ ಇಳಿಸಲಿಲ್ಲ.

ಆಮೇಲೆ ಹೆಂಗಸರು ಅವಳ ಜೊತೆ ಬ್ರಾಂಚಿಗೆ ಹೋಗುವುದನ್ನು ಬಿಟ್ಟರು. “ನಮ್ಮ ಅನ್ನಕ್ಕೆ ಕಲ್ಲು ಹಾಕ್ತೀಯಾ ಮಾರಾಯ್ತಿ” ಎಂದು ಒಬ್ಬಳು ಮುಖಕ್ಕೇ ಹೇಳಿದಳು. ಮೇಲಿನಿಂದ ಉತ್ತರ ಇವತ್ತಿಗೂ ಬಂದಿಲ್ಲ. ವಿಸ್ಮಿತಾ ಮಾತ್ರ ತನ್ನ ಕೋಣೆಯಲ್ಲಿ, ಕೆಮ್ಮು ಎಂದು ಬಂದ ಪ್ರತಿ ಹೆಂಗಸನ್ನೂ ಆ ಪ್ರಶ್ನೆ ಕೇಳತೊಡಗಿದಳು.

ಒಂದು ದಿನ ಸಮೀನಾಳ ಅತ್ತೆ ಆಯಿಶಮ್ಮ ಬಂಟ್ವಾಳದಿಂದ ಸೊಸೆಯನ್ನು ನೋಡಲು ಬಂದರು. ಕೆಮ್ಮು ಕೇಳಿ ಗಾಬರಿಯಾಗಿ ಅವರೇ ಅವಳನ್ನು ಆರೋಗ್ಯ ಕೇಂದ್ರಕ್ಕೆ ಹೊರಡಿಸಿದರು. ಡಾಕ್ಟರ ಪರಿಚಯ ಇದೆಯೆಂದು ಶಶಿಯಕ್ಕ ಹೋದಳು, ನನಗೂ ಬಿ.ಪಿ. ನೋಡಿಸಲಿಕ್ಕಿತ್ತು, ಜೊತೆಗೂಡಿದೆ.

ವಿಸ್ಮಿತಾ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ತಲೆ ಎತ್ತಿದಳು. “ಬೀಡಿ ಕಟ್ತೀರಾ?”

ಸಮೀನಾ ಅತ್ತೆಯ ಕಡೆ ನೋಡಿದಳು. “ಇಲ್ಲ.”

“ಯಾವತ್ತೂ ಇಲ್ವಾ?”

“ಇಲ್ಲ ಮೇಡಂ.”

ಶಶಿಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಡಾಕ್ಟರು ಬರೆಯಲು ಪೆನ್ನು ಎತ್ತಿಕೊಂಡಾಗ ಅವಳ ಬಾಯಿಂದ ಮಾತು ಬಂತು.

“ಕಟ್ತಾಳೆ ಮೇಡಂ. ನನ್ನ ಜಗಲಿಯಲ್ಲಿ ಕೂತು ಕಟ್ತಾಳೆ. ನನ್ನ ಹೆಸರಲ್ಲಿ ಕೊಡುವುದು.”

ಸಮೀನಾ ಶಶಿಯಕ್ಕನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ. ಡಾಕ್ಟರು ಎಕ್ಸ್‌ರೇಗೆ ಬರೆದರು. “ಈಗಲೇ ಬಿಟ್ರೆ, ಮದ್ದು ಸರಿಯಾಗಿ ತಕ್ಕೊಂಡ್ರೆ, ಖಂಡಿತ ಕಡಿಮೆ ಆಗ್ತದೆ. ಇನ್ನು ಆ ಧೂಳಿನ ಹತ್ರ ಕೂರುವುದೂ ಬೇಡ” ಎಂದರು. ಆಯಿಶಮ್ಮ ಬೈಯಲಿಲ್ಲ, ಕೂಗಾಡಲಿಲ್ಲ. “ನಾಳೆ ನಮ್ಮ ಮನೆಗೆ ಹೋಗುವ” ಎಂದಷ್ಟೇ ಸೊಸೆಗೆ ಹೇಳಿದರು. ಹೊರಗೆ ಬಂದ ಮೇಲೆ ರಿಕ್ಷಾದಲ್ಲಿ ಅತ್ತೆ-ಸೊಸೆ ಕುಳಿತರು. ಜಾಗವಿತ್ತು. “ನೀವು ಬಸ್ಸಿಗೆ ಬನ್ನಿ” ಎಂದಳು ಸಮೀನಾ, ಮುಖ ನೋಡದೆ.

ಮರುದಿನ ಅವಳು ಹೋಗುವಾಗ ಶಶಿಯಕ್ಕ ಜಗಲಿಯಲ್ಲೇ ನಿಂತಿದ್ದಳು. ಸಮೀನಾ ಇತ್ತ ಬರಲಿಲ್ಲ. ಆಮೇಲೆ ಫೋನೂ ಇಲ್ಲ.

ಮೊನ್ನೆ ಬಂಟ್ವಾಳ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ನನಗೆ ಸಮೀನಾ ಸಿಕ್ಕಿದಳು. ಮೈ ಕೈ ತುಂಬಿಕೊಂಡಿದ್ದಾಳೆ. ಊರಿನವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದಳು, ಒಬ್ಬರನ್ನು ಬಿಟ್ಟು. ನಾನೇ ಆ ಹೆಸರು ಎತ್ತಿದಾಗ ಸೀರೆಯ ಅಂಚು ನೋಡತೊಡಗಿದಳು.

ಸಂಜೆ ಬಂದು ಶಶಿಯಕ್ಕನಿಗೆ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

“ಮಾತಾಡುವಾಗ ಕೆಮ್ಮಿದ್ಲಾ?”

“ಇಲ್ಲ.”

“ಆ ಅಂಗಡಿಗೆ ಮೆಟ್ಲು ಹತ್ಬೇಕಲ್ಲ. ಹತ್ತಿದ ಮೇಲೆ?”

“ಇಲ್ಲ ಶಶಿಯಕ್ಕ. ಒಮ್ಮೆಯೂ ಇಲ್ಲ.”

“ಹಾಗಾದ್ರೆ ಆಯ್ತು” ಎಂದಳು. ಕತ್ತರಿ ಕೈಗೆತ್ತಿಕೊಂಡು ಮತ್ತೆ ಎಲೆ ಕತ್ತರಿಸತೊಡಗಿದಳು. ತನ್ನನ್ನು ವಿಚಾರಿಸಿದಳೇ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಹೌದೆಂದು ಸುಳ್ಳು ಹೇಳಲು ನಾನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ.