ಮೊದಲು ಸತ್ತದ್ದು ನಮ್ಮ ಗೂಡಿನ ಹಂದಿ

ಮೊದಲು ಸತ್ತದ್ದು ನಮ್ಮ ಗೂಡಿನ ಹಂದಿ. ಕಾಪುವಿನ ಸೆಲಿನ್ ಬಾಯಿಯ ಹಂದಿ ಅಲ್ಲ. ಈ ಮಾತನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಲಿಲ್ಲ — ನಿಮ್ಮ ಅಪ್ಪ ಅಮ್ಮಂದಿರಿಗೂ ಹೇಳಲಿಲ್ಲ. ಎದುರು ಕುಳಿತು ಹೇಳಲು ನನ್ನಿಂದ ಆಗುವುದಿಲ್ಲ. ಊರಿನ ಶಾಲೆಯಲ್ಲಿ ಕಲಿತಷ್ಟು ಕನ್ನಡದಲ್ಲಿ ಬರೆಯುತ್ತೇನೆ. ಮೊಮ್ಮಕ್ಕಳೇ, ಎಲ್ಲರೂ ಓದಿ. ದೀಕ್ಷಾ, ನೀನು ಎಲ್ಲರಿಗಿಂತ ಮೊದಲು ಓದು. ಕಾರ್ಕಳದ ಸಭೆಗೆ ಹೋಗುವ ಮೊದಲು ಓದು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬೆಳ್ಮಣ್ಣಿನ ಮನೆಯ ಹಿಂದೆ ನಾನು ಹಂದಿ ಸಾಕುತ್ತಿದ್ದದ್ದು ನಿಮಗೆ ನೆನಪಿರಬಹುದು. ನನ್ನವು ಕೆಲವು, ಸೆಲಿನ್ ಬಾಯಿಯದು ಒಂದು ಹೆಣ್ಣು ಹಂದಿ. ಅದನ್ನು ಅವಳು ಪಾಲಿಗೆ ಕೊಟ್ಟಿದ್ದಳು. ಸಾಕುವುದು ನಾನು, ಮರಿ ಹಾಕಿದರೆ ಅರ್ಧ ಅವಳಿಗೆ, ಅರ್ಧ ನನಗೆ. ಪಾಲಿಗೆ ಕೊಡುವುದಕ್ಕೆ ನಮ್ಮಲ್ಲಿ ಕಾಗದವಿಲ್ಲ, ಸಾಕ್ಷಿಯಿಲ್ಲ. ಸಾಕಲು ಆಗದಿದ್ದರೆ ಒಂದು ಮಾತು ಹೇಳಿ ಹಿಂದಕ್ಕೆ ಕೊಡಬಹುದು. ಯಾಕೆ ಎಂದು ಕೆದಕಿ ಕೇಳುವ ಪದ್ಧತಿಯಿಲ್ಲ. ಆ ಪದ್ಧತಿಯನ್ನೇ ನಾನು — ಇರಲಿ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂದು ಭಾನುವಾರ ಮನೆಗೆ ನೆಂಟರು ಬಂದಿದ್ದರು. ಹೊರಗಿನಿಂದ ಹಂದಿಮಾಂಸ ತರಿಸಿದ್ದೆ. ಮಾಂಸ ತೊಳೆದ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿ ಸಿಪ್ಪೆ ಎಲ್ಲ ಬೀಳುವ ಬಕೆಟಿಗೇ ಅದನ್ನೂ ಸುರಿದೆ. ದಿನವೂ ಬಕೆಟಿನದನ್ನು ಕುದಿಸಿ ಹಂದಿಗಳಿಗೆ ಹಾಕುತ್ತಿದ್ದೆ. ಆ ದಿನ ಒಲೆ ಖಾಲಿಯಾಗಲಿಲ್ಲ, ಹಾಗೆಯೇ ಹಾಕಿದೆ. ಅದು ತಿಳಿಯದೆ ಆದದ್ದು. ತಿಳಿದು ಮಾಡಿದ್ದು ಆಮೇಲಿನದು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಹಂದಿ ತಿನ್ನುವುದನ್ನು ಬಿಟ್ಟಿತು. ಮೈ ಸುಡುತ್ತಿತ್ತು. ಕಿವಿ ಮೊದಲು ಕೆಂಪಾಯಿತು, ಮತ್ತೆ ನೀಲಿಗಟ್ಟಿತು. ಸತ್ತಿತು. ತೆಂಗಿನ ಮರದ ಹತ್ತಿರ ಗುಂಡಿ ತೋಡಿ ನಾನೇ ಹೂತೆ. ಹಂದಿಗಳಿಗೆ ದೊಡ್ಡ ಜ್ವರ ಬಂದಿದೆ, ಸತ್ತರೆ ತಿಳಿಸಬೇಕು ಎಂದು ಪಂಚಾಯತಿನವರು ಮೊದಲೇ ಹೇಳಿ ಹೋಗಿದ್ದರು. ತಿಳಿಸಿದರೆ ಉಳಿದವನ್ನೂ ಕೊಲ್ಲುತ್ತಾರೆ ಎಂದು ನನಗೆ ಗೊತ್ತಿತ್ತು. ಸೆಲಿನ್ ಬಾಯಿಯ ಹಂದಿ ಮಾತ್ರ ಚೆನ್ನಾಗಿಯೇ ತಿನ್ನುತ್ತಿತ್ತು. ಬೇರೆಯವರ ಹಂದಿ ನನ್ನ ಗೂಡಿನಲ್ಲಿ ಸಾಯಬಾರದು — ಅಷ್ಟೇ ಯೋಚಿಸಿದೆ. ಅದು ಹೋಗಿ ಸೇರುವ ಗೂಡಿನ ಬಗ್ಗೆ ಯೋಚಿಸಲಿಲ್ಲ. ಇಲ್ಲ, ಯೋಚಿಸಿದೆ. ಯೋಚಿಸಿ ಫೋನು ಮಾಡಿದೆ.

"ಬಾಯಿ, ನನಗೆ ಸೊಂಟನೋವು. ನಿಮ್ಮ ಹಂದಿ ಕೊಂಡುಹೋಗಿ."

ಅವಳು ಮರುದಿನವೇ ಟೆಂಪೊ ತೆಗೆದುಕೊಂಡು ಬಂದಳು. ಗೂಡಿನೊಳಗೆ ಇಣುಕಿದಳು.

"ಎಂತ ಸುಶೀಲಕ್ಕ, ನಿಮ್ಮದೊಂದು ಕಾಣುವುದಿಲ್ಲ?"

"ಮಾರಿದೆ."

"ಸೊಂಟನೋವು ಅಂತ ಹೇಳಿ ಗುಟ್ಟಿನಲ್ಲಿ ವ್ಯಾಪಾರವಾ ಮಾರಾಯ್ತಿ? ನಿಮ್ಮ ಹತ್ತಿರ ಜಾಗ್ರತೆ ಇರಬೇಕು," ಎಂದು ನಕ್ಕಳು. ತನ್ನ ಹಂದಿಯ ಬೆನ್ನು ತಟ್ಟಿ, "ಇದನ್ನು ನೋಡಿ, ಮದುಮಗಳ ಹಾಗೆ ಸಾಕಿದ್ದೀರಿ," ಎಂದಳು.

ಅವಳ ಗೂಡು ದೊಡ್ಡದು. ಮನೆ ನಡೆಯುತ್ತಿದ್ದದ್ದೇ ಅದರಿಂದ. ಅಲ್ಲಿ ಮೊದಲು ಬಿದ್ದದ್ದು ಆ ಹೆಣ್ಣು ಹಂದಿ, ಆಮೇಲೆ ಒಂದರ ಹಿಂದೆ ಒಂದು. ಅವಳು ಮುಚ್ಚಿಡಲಿಲ್ಲ, ತಾನೇ ಹೋಗಿ ಪಶುವೈದ್ಯರಿಗೆ ತಿಳಿಸಿದಳು. ಅವರು ಬಂದು ಉಳಿದವನ್ನೂ ಕೊಂದು ಹೂಳಿಸಿದರು. ಅಷ್ಟರೊಳಗೆ ನನ್ನ ಬಾಕಿ ಹಂದಿಗಳೂ ಸತ್ತಿದ್ದವು. ಅವುಗಳ ವಿಷಯ ಮಾತ್ರ ನಾನು ಪಶುವೈದ್ಯರಿಗೆ ಹೇಳಿದೆ. ಮೊದಲು ಹೂತದ್ದನ್ನು ಹೇಳಲಿಲ್ಲ. ಸೆಲಿನ್ ಬಾಯಿ ಹೆದ್ದಾರಿಯ ಹೋಟೆಲುಗಳಿಂದ ಉಳಿದ ಊಟ ತಂದು ಹಂದಿಗಳಿಗೆ ಹಾಕುತ್ತಿದ್ದಳು. ರೋಗ ಅದರಿಂದಲೇ ಬಂತು, ಹಂದಿ ಒಯ್ಯಲು ಹೋದಾಗ ಬೆಳ್ಮಣ್ಣಿಗೂ ಹಚ್ಚಿ ಬಂದಳು — ಜನ ಹೀಗೆ ಹೇಳಿದರು. ಮೊದಲು ಹೇಳಿದವರು ಯಾರೋ ತಿಳಿಯದು. ಅದು ನಿಜವಲ್ಲ ಎಂದು ನಾನು ಹೇಳಲಿಲ್ಲ.

ಒಂದು ಸಂಜೆ ಅವಳೇ ಬಂದಳು. ಜಗಲಿ ಹತ್ತಲಿಲ್ಲ. ತನ್ನ ಕಾಲಿನಿಂದ ಇನ್ನೇನಾದರೂ ಅಂಟೀತು ಎಂದು ಅಂಗಳದ ಅಂಚಿನಲ್ಲೇ ನಿಂತಳು.

"ನನ್ನಿಂದ ನಿಮ್ಮ ಹಂದಿಗಳೂ ಹೋದವು ಸುಶೀಲಕ್ಕ. ನನಗೆ ಗೊತ್ತಿರಲಿಲ್ಲ. ಕ್ಷಮಿಸಬೇಕು."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಹೇಳಿದ್ದು — "ಆಗಲಿ ಬಾಯಿ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ."

ಅವಳು ಅತ್ತಳು. ನಾನು ನೀರು ಬೆಲ್ಲ ಕೊಟ್ಟೆ. ಆಮೇಲೆ ಅವಳು ಹಂದಿ ಸಾಕಲಿಲ್ಲ. ಈಗ ಹೆಜಮಾಡಿಗೆ ಮೀನು ಶುಚಿ ಮಾಡುವ ಕೆಲಸಕ್ಕೆ ಹೋಗುತ್ತಾಳೆ.

ಕಳೆದ ವಾರ ದೀಕ್ಷಾ ಮಣಿಪಾಲದಿಂದ ಬಂದು ಅದೇ ರೋಗದ ವೈರಸ್ಸಿನ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಅವಳು ಕಲಿಯುತ್ತಿರುವುದೇ ಅದರ ಪ್ರೋಟೀನುಗಳನ್ನು. ನನಗೆ ಅರ್ಥವಾದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಅವಳು ತಿದ್ದಲಿ. ವೈರಸ್ಸಿನ ಚಿಪ್ಪು ಒಂದು ಪ್ರೋಟೀನಿನಿಂದ ಕಟ್ಟಿದ್ದು. ಒಂದೇ ತರದ ಮೂರು ತುಂಡುಗಳು ಒಂದನ್ನೊಂದು ತಬ್ಬಿ ನಿಂತಿರುತ್ತವೆ. ಅಂಥವು ಸಾವಿರಾರು ಸೇರಿ ಚಿಪ್ಪು. ಅದು ಬಹಳ ಗಟ್ಟಿ. ಹಸಿ ಮಾಂಸದಲ್ಲಿ ವೈರಸ್ಸು ಬಹಳ ದಿನ ಉಳಿಯುತ್ತದಂತೆ, ಚೆನ್ನಾಗಿ ಕುದಿಸಿದರೆ ಸಾಯುತ್ತದಂತೆ. ಆಗ ನನಗೆ ಆ ಬಕೆಟು ಕಣ್ಣ ಮುಂದೆ ಬಂತು.

ಇನ್ನೊಂದು ಪ್ರೋಟೀನು ವೈರಸ್ಸಿನ ಹೊರಮೈಯಲ್ಲಿ ಇರುತ್ತದೆ. "ಇದು ನೋಡಿ ಅಜ್ಜಿ, ಹಂದಿಯ ಮೈಯಲ್ಲೇ ಇರುವ ಒಂದು ಪ್ರೋಟೀನಿನ ಹಾಗೆಯೇ ಉಂಟು," ಎಂದಳು. ಅದಕ್ಕೆ ಕೆಂಪು ರಕ್ತಕಣಗಳು ಬಂದು ಅಂಟಿಕೊಳ್ಳುತ್ತವೆ. ಅವುಗಳ ಮರೆಯಲ್ಲಿ ವೈರಸ್ಸು ಮೈಯೆಲ್ಲ ತಿರುಗುತ್ತದೆ ಎಂದು ತಿಳಿದವರು ಅಂದಾಜು ಮಾಡಿದ್ದಾರಂತೆ.

"ಹಾಗಾದರೆ ಚೆನ್ನಾಗಿ ತಿನ್ನುವ ಹಂದಿಯಲ್ಲೂ ಇರಬಹುದಾ?" ಎಂದು ಕೇಳಿದೆ.

"ಇರಬಹುದು. ಹೊರಗೆ ಕಾಣಲಿಕ್ಕೆ ದಿನ ಬೇಕು," ಎಂದಳು. ಆಮೇಲೆ, "ಕಾರ್ಕಳದಲ್ಲಿ ಹಂದಿ ಸಾಕುವವರಿಗೆ ಮಾತಾಡಲಿಕ್ಕೆ ಉಂಟು ಅಜ್ಜಿ. ಸೆಲಿನ್ ಬಾಯಿಯ ಕಥೆಯನ್ನೇ ಹೇಳುತ್ತೇನೆ. ಹೆಸರು ಹೇಳಬಹುದಲ್ವಾ? ಹೇಗೂ ಎಲ್ಲರಿಗೂ ಗೊತ್ತುಂಟು," ಎಂದಳು.

ನಾನು ಚಹಾ ತರುತ್ತೇನೆ ಎಂದು ಒಳಗೆ ಹೋದೆ. ಎರಡನೆಯ ಸಲವೂ ತಪ್ಪಿಸಿಕೊಂಡೆ.

ಹೆದರಿಕೆಯಿತ್ತು ಎನ್ನಬಹುದು, ಒಂಟಿ ಹೆಂಗಸು ಎನ್ನಬಹುದು. ಹೆದರಿಕೆ ಸೆಲಿನ್ ಬಾಯಿಗೂ ಇತ್ತು. ಆದರೂ ಅವಳು ತಿಳಿಸಿದಳು.

ದೀಕ್ಷಾ, ಸಭೆಯಲ್ಲಿ ಕಥೆ ಹೇಳು. ಬಕೆಟಿನ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳು. ಹೆಸರು ಬೇಕಿದ್ದರೆ ನನ್ನದನ್ನು ಹೇಳು. ಅದಕ್ಕೆ ಮೊದಲು ಸೆಲಿನ್ ಬಾಯಿ ಅದನ್ನು ನನ್ನಿಂದಲೇ ಕೇಳಬೇಕು. ನಾಳೆ ಬೆಳಗಿನ ಬಸ್ಸಿಗೆ ಕಾಪುವಿಗೆ ಹೋಗುತ್ತೇನೆ. ಜೊತೆಗೆ ಯಾರೂ ಬರಬೇಡಿ. ಅವಳ ನೆರೆಯವರು ಇದ್ದರೆ ಅವರ ಎದುರಿಗೇ ಹೇಳುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ.