ಸೂಜಿಯವರು ಹೊಲಿದ ಕೆಂಪು ಸೀಟು

1998ನೆಯ ಇಸವಿ ನವೆಂಬರ್ 9, ಸೋಮವಾರ. ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ಬೆಳಗಿನಿಂದ ಕವಿದಿದ್ದ ಮಂಜು ಹೊತ್ತೇರಿದರೂ ಕದಲಿರಲಿಲ್ಲ. ಅಂದು ಗ್ಯಾರೇಜು ನಡೆಸುತ್ತಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿದರು. ಹೊರಡುವಾಗ ತಮ್ಮನಿಗೆ, "ಕಾರಿನ ಒಳಗಡೆ ಸ್ವಲ್ಪ ನೋಡ್ಕೋ" ಎಂದಷ್ಟೇ ಹೇಳಿದರು. ಧೂಳು ಕೊಡವಿ ಚರ್ಮಕ್ಕೆ ಎಣ್ಣೆ ಸವರಲಿ ಎಂಬುದು ಅವರ ಅಭಿಪ್ರಾಯ. ಅದನ್ನು ಬಿಡಿಸಿ ಹೇಳಬೇಕೆಂದು ಅವರಿಗೆ ತೋರಲಿಲ್ಲ.

ತಮ್ಮನನ್ನು ಊರೆಲ್ಲ ಕರೆಯುತ್ತಿದ್ದುದು ಸೂಜಿ ಎಂದು. 1940ರ ಏಪ್ರಿಲ್ 6ರಂದು ಹುಟ್ಟಿದವರು; ಕಡ್ಡಿಯಂಥ ಮೈ, ಸೀಟು ಹೊಲಿಯುವ ಕಸುಬು. ಇಂಜಿನ್ ಅಣ್ಣನ ಪಾಲು, ಸೀಟು ತಮ್ಮನ ಪಾಲು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಲೆಹಾಕಿದವರಲ್ಲ. ಅದೇ ಕಸುಬಿನವರಾಗಿದ್ದ ತಂದೆ ಬಿಟ್ಟುಹೋದ ನಿಯಮ ಒಂದೇ: ಹರಿದ ಸೀಟು ಅಂಗಡಿಯ ಹೊಸ್ತಿಲು ದಾಟಕೂಡದು. ಸೂಜಿಯವರು ಅದನ್ನು ಎಂದೂ ಮೀರಿರಲಿಲ್ಲ.

ಕಾರು ಇಟಲಿಯ 1961ರ ಮಾಸೆರಾಟಿ. ಕಡುನೀಲಿ ಬಣ್ಣ, ನೀಳವಾದ ಮೂತಿ, ಅದರ ಮೇಲೆ ತ್ರಿಶೂಲದ ಗುರುತು. ಅದರ ಒಡತಿ, ಹಲ್ಲಿನ ಡಾಕ್ಟರಮ್ಮ, ಅದನ್ನು ತಂದೆಯಿಂದ ಪಡೆದಿದ್ದರು. ಆ ತಂದೆ 1962ರಲ್ಲಿ ಅದನ್ನು ಮೊದಲ ಬಾರಿ ಗ್ಯಾರೇಜಿಗೆ ತಂದಾಗ ಅಣ್ಣ ಇಪ್ಪತ್ತೆಂಟರ ಪ್ರಾಯದವರು. ಬಾನೆಟ್ ಎತ್ತಿ ಇಂಜಿನ್ನಿನ ಸದ್ದು ಕೇಳಿದವರು ಅಂದೇ ಮನಸೋತರು. ಆ ಕಂಪನಿಯನ್ನು 1914ರಲ್ಲಿ ಬೊಲೊನ್ಯಾ ನಗರದ ಸಣ್ಣ ಗ್ಯಾರೇಜಿನಲ್ಲಿ ಅಣ್ಣತಮ್ಮಂದಿರೇ ಕಟ್ಟಿದರೆಂದು ಅವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಆ ಸಹೋದರರಲ್ಲಿ ಒಬ್ಬ ಚಿತ್ರಕಾರ. ಇಂಜಿನ್ನಿನ ಗೊಡವೆ ಅವನಿಗಿರಲಿಲ್ಲ. ತ್ರಿಶೂಲವನ್ನು ಬರೆದುಕೊಟ್ಟವನು ಅವನೇ. ಇದನ್ನು ಹೇಳುವಾಗಲೆಲ್ಲ ಅಣ್ಣ ತಮ್ಮನ ಕಡೆ ನೋಡಿ ನಗುತ್ತಿದ್ದರು. ಸೂಜಿಯವರು ತಲೆ ತಗ್ಗಿಸಿಕೊಂಡು ದಾರಕ್ಕೆ ಮೇಣ ತೀಡುತ್ತಿದ್ದರು.

ಅತ್ತಿಗೆಗೆ ಈ ಕಾರೆಂದರೆ ಸವತಿಯೇ. "ನಾನು ಊಟಕ್ಕೆ ಕೂಗಿದ್ರೆ ಇವರಿಗೆ ಕಿವುಡು. ಆ ಇಂಜಿನ್ ಒಂದು ಸಲ ಕೆಮ್ಮಲಿ, ಕೈಲಿರೋ ತುತ್ತು ಬಿಟ್ಟು ಓಡ್ತಾರೆ" ಎನ್ನುತ್ತಿದ್ದರು.

ಆ ವರ್ಷ ಡಾಕ್ಟರಮ್ಮ ಒಂದು ಮಾತು ಕೊಟ್ಟಿದ್ದರು. ಹಳೆಯ ಕಾರುಗಳ ಸಂಘದ ಪರೀಕ್ಷಕರು ಕಾರು ಮೂಲಸ್ಥಿತಿಯಲ್ಲಿದೆ, ಕಂಪನಿ ಕೂರಿಸಿದ ಭಾಗಗಳೇ ಉಳಿದಿವೆ ಎಂದು ಒಪ್ಪಿದರೆ, ಮುಂದಿನ ವಸಂತದಲ್ಲಿ ಇಟಲಿಯ ಕಾರುಮೇಳಕ್ಕೆ ಅದನ್ನು ಕಳುಹಿಸುವುದು, ಜೊತೆಗೆ ಮೆಕ್ಯಾನಿಕ್ ಆಗಿ ಅಣ್ಣ ಹೋಗುವುದು. ಅಣ್ಣ ಅದಕ್ಕೂ ಮೊದಲೇ ಮೂರು ವರ್ಷದಿಂದ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ಹಳೆಯ ಬೋಲ್ಟುಗಳನ್ನೇ ಉಜ್ಜಿ ಮತ್ತೆ ಕೂರಿಸಿದರು. ಏಕೆಂದು ತಮ್ಮ ಕೇಳಲಿಲ್ಲ; ಇಟಲಿಯ ಸುದ್ದಿಯಷ್ಟೇ ಅವರಿಗೆ ಗೊತ್ತಿತ್ತು, ಪರೀಕ್ಷಕರ ಷರತ್ತು ಗೊತ್ತಿರಲಿಲ್ಲ.

ಅಣ್ಣ ಆಸ್ಪತ್ರೆಯಲ್ಲಿರುವಾಗ ಸೂಜಿಯವರು ಕಾರಿನ ಬಾಗಿಲು ತೆರೆದು ನೋಡಿದರು. ಕೆಂಪು ಚರ್ಮ ಬಿರುಕು ಬಿಟ್ಟಿತ್ತು. ಚಾಲಕನ ಸೀಟಿನ ಅಂಚು ಹರಿದಿತ್ತು. ಅಣ್ಣನ ಜೀವಮಾನದ ಕೆಲಸ ಹರಿದ ಸೀಟಿನೊಡನೆ ಇಟಲಿಗೆ ಹೋಗುವುದೇ? ಅವರು ಹಳೆಯದನ್ನು ಬಿಚ್ಚಿ ಅಳತೆ ತೆಗೆದು, ಅದೇ ಕೆಂಪಿನ ಹೊಸ ಚರ್ಮ ತರಿಸಿ, ಯಂತ್ರ ಮುಟ್ಟದೆ ಕೈಯಲ್ಲೇ ಹೊಲಿದರು. ಕಣ್ಣು ಮಂಜಾಗಿದ್ದುದರಿಂದ ಕಿಟಕಿಯ ಬೆಳಕಿಗೆ ಬಾಗಿ ಹೊಲಿದರು. ಕಳಚಿದ ಚರ್ಮವನ್ನು ಕಸುಬಿನ ವಾಡಿಕೆಯಂತೆ ಬೀದಿತುದಿಯ ಚಪ್ಪಲಿ ಹೊಲಿಯುವವರಿಗೆ ಕೊಟ್ಟರು. ಬಳಿಕ ಸೀಟುಗಳಿಗೆ ಬಿಳಿಬಟ್ಟೆ ಹೊದಿಸಿದರು. ಅಣ್ಣ ಮನೆಗೆ ಮರಳಿ ಹಾಸಿಗೆಯಲ್ಲಿದ್ದಾಗಲೂ ಬಾಯಿ ಬಿಡಲಿಲ್ಲ. ಪರೀಕ್ಷೆಯ ದಿನವೇ ತೋರಿಸಬೇಕೆಂಬ ಹಂಬಲ.

ಡಿಸೆಂಬರ್ 3, ಗುರುವಾರ, ಪರೀಕ್ಷಕರು ಬಂದರು. ಇಂಜಿನ್ ನೋಡಿ ಅಣ್ಣನ ಕೈ ಕುಲುಕಿದರು. ಆಗ ಸೂಜಿಯವರು ಮುಂದೆ ಬಂದು ಬಟ್ಟೆ ಸರಿಸಿದರು. ಅಣ್ಣನ ಮುಖ ಬಿಳಿಚಿತು. ಪರೀಕ್ಷಕರು ಬಾಗಿ, ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇಷ್ಟು ಚೆನ್ನಾಗಿರೋ ಹೊಲಿಗೆ ನಾನು ನೋಡಿಲ್ಲ. ಹಳೇ ಚರ್ಮ ಎಲ್ಲಿ?"

ಸೂಜಿಯವರು ನಗುತ್ತಲೇ ಹೇಳಿದರು. ಅತ್ತಿಗೆಯನ್ನು ಚಪ್ಪಲಿಯವರ ಬಳಿಗೆ ಓಡಿಸಲಾಯಿತು. ಅದು ಆಗಲೇ ಅಟ್ಟೆಯಾಗಿ ಊರಿನವರ ಕಾಲಡಿ ಸೇರಿತ್ತು.

ಪರೀಕ್ಷಕರು ಗಡುಸಾಗಿ ಮಾತಾಡಲಿಲ್ಲ. "ಹರಿದಿದ್ರೆ ಹರಿದಿರಲಿ, ಅಲ್ಲಿಯವರು ಹೊಲಿದದ್ದು ಅದು. ಇದು ನೀವು ಹೊಲಿದದ್ದು. ನಾನು ಒಪ್ಪೋಕಾಗಲ್ಲ, ಯಜಮಾನರೇ" ಎಂದು ಹೊರಟುಹೋದರು.

ಅಣ್ಣ ಗಾಯದ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತರು. ತಮ್ಮ ಎದುರಿಗೆ ನೆಲದ ಮೇಲೆ ಕುಳಿತರು.

"ಬೈದ್ಬಿಡಣ್ಣ, ಒಂದ್ಸಲ."

"ಬೈದ್ರೆ ಆ ಚರ್ಮ ಬರತ್ತೇನೋ?"

ತಮ್ಮ, "ನನಗ್ಯಾಕೆ ಹೇಳ್ಲಿಲ್ಲ?" ಎಂದರು.

"ನಿನ್ನ ಕೆಲಸಕ್ಕೆ ನಾನು ಯಾವತ್ತು ಬಾಯಿ ಹಾಕಿದೀನಿ?" ಎಂದರು ಅಣ್ಣ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೂಜಿಯವರು ಬದುಕಿಕೊಳ್ಳುತ್ತಿದ್ದರೇನೋ.

1999ರ ಫೆಬ್ರವರಿ 20ರಂದು ಡಾಕ್ಟರಮ್ಮ ಕಾರನ್ನು ಮಾರಿದರು. ಕೊಂಡವರು ಸೀಟುಗಳನ್ನು ಬಹಳವಾಗಿ ಮೆಚ್ಚಿದರಂತೆ. ಅಣ್ಣ ಆಮೇಲೆ ಗ್ಯಾರೇಜಿಗೆ ಬಂದದ್ದು ಅಪರೂಪ. 2001ರ ಜುಲೈ 17, ಮಂಗಳವಾರ, ಮಧ್ಯಾಹ್ನ ಮನೆಯಲ್ಲಿ ತೀರಿಕೊಂಡರು. ಇಟಲಿಯನ್ನು ನೋಡಲಿಲ್ಲ. ಸೂಜಿಯವರು ಚರ್ಮ ಹೊಲಿಯುವುದನ್ನು ಬಿಟ್ಟು, ಬಸ್ಸಿನ ಡಿಪೋದಲ್ಲಿ ರೆಕ್ಸಿನ್ ಸೀಟುಗಳಿಗೆ ತೇಪೆ ಹಾಕುತ್ತಿದ್ದರು. 2006ರಲ್ಲಿ ಅವರ ಕಣ್ಣು ಪೂರ್ತಿ ಹೋಯಿತು. ಈಗ ಅತ್ತಿಗೆಯ ಮನೆಯ ಮುಂಗೋಣೆಯಲ್ಲಿದ್ದಾರೆ. ಗ್ಯಾರೇಜಿನ ಜಾಗದಲ್ಲಿ ಟೈರಿನ ಅಂಗಡಿಯಿದೆ.