ಹಂಚಿಹೋದ ಗಿಣ್ಣದ ಹಾಲು

೧೯೪೯ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಪಶುವೈದ್ಯನಾಗಿ ಹುಮನಾಬಾದಿಗೆ ಬಂದೆ. ಓದು ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ ಕುದುರೆಯ ಬಗ್ಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಭ್ರಮೆಯಿತ್ತು. ಅದನ್ನು ಇಳಿಸಿದ್ದು ಟಾಂಗಾ ಹೊಡೆಯುವ ಮೌಲಾಸಾಬನ ಗಬ್ಬದ ಕುದುರೆ.

ಅವನ ಟಾಂಗಾಕ್ಕೆ ಇದ್ದದ್ದು ಅದೊಂದೇ ಕುದುರೆ, ಅದಕ್ಕೂ ವಯಸ್ಸಾಗಿತ್ತು. ಮುಂದೆ ಟಾಂಗಾ ಎಳೆಯಬೇಕಾದದ್ದು ಅದರ ಹೊಟ್ಟೆಯಲ್ಲಿದ್ದ ಮರಿಯೇ. ಒಂದು ದಿನ ಅವನ ತಾಯಿ ರಸೂಲಬಿ ದವಾಖಾನೆಗೆ ಬಂದಳು. "ಡಾಕ್ಟರ್ ಸಾಬ್, ಕುದುರಿ ಇನ್ನಾ ಈದಿಲ್ಲ, ಹಾಲು ಆಗಲೇ ಸೋರಾಕತ್ತದ. ಕೂಸುಗಳ ಕೆಮ್ಮಿಗೆ ಛಲೋ ಅಂತ ಓಣಿ ಮಂದಿ ಕೇಳಾಕತ್ತಾರ. ಕರೆದು ಕೊಟ್ರ ನಡೀತದೇನ್ರಿ?"

ನಾನು ಒಂದು ಎತ್ತಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ತಲೆ ಎತ್ತದೆ, "ಮೇವು ತಿನ್ನಾಕತ್ತದೇನು?" ಎಂದೆ. ಹೌದ್ರಿ ಎಂದಳು. "ಹಂಗಿದ್ರ ಕೊಡ್ರಿ, ಏನೂ ಆಗಂಗಿಲ್ಲ. ಈಯೋ ದಿನ ಹತ್ತರ ಬಂದಾವು" ಎಂದುಬಿಟ್ಟೆ. ಗಬ್ಬವಾಗಿ ಎಷ್ಟು ದಿನವಾಯಿತು ಎಂದು ಕೂಡ ಕೇಳಲಿಲ್ಲ.

ಎಂಟು ದಿನ ಆಕೆ ಹಾಲು ಕರೆದು ಕೇಳಿದವರಿಗೆಲ್ಲ ಹಂಚಿದಳು. ಒಂಬತ್ತನೆಯ ದಿನ ಬೆಳಗಾಗುತ್ತಲೇ ಕುದುರೆ ಮರಿ ಹಾಕಿತು. ನಾನು ಹೋಗಿ ನೋಡಿದರೆ ಮರಿ ಬಡಕಲು, ಕಿವಿ ಜೋತುಬಿದ್ದಿವೆ, ಎದ್ದು ನಿಲ್ಲುವ ತ್ರಾಣವಿಲ್ಲ. ಕುದುರೆಗೆ ಹನ್ನೊಂದು ತಿಂಗಳು ತುಂಬಬೇಕು. ಮೌಲಾಸಾಬನ ಲೆಕ್ಕದಲ್ಲಿ ಇನ್ನೂ ಮೂರು ವಾರ ಬಾಕಿಯಿತ್ತು. ಬಿದ್ದಿದ್ದ ಮಾಸನ್ನು ಹರಡಿ ನೋಡಿದೆ. ಕೆಂಪಗೆ ಮಖಮಲ್ಲಿನಂತೆ ಇರಬೇಕಾದದ್ದು ಒಂದು ಕಡೆ ದಪ್ಪಗಾಗಿ, ಕಂದು ಬಣ್ಣಕ್ಕೆ ತಿರುಗಿ, ಲೋಳೆ ಹಿಡಿದಿತ್ತು.

ಮಾಸು ಎಂದರೆ ಪ್ಲಾಸೆಂಟಾ. ಹೊಟ್ಟೆಯೊಳಗಿನ ಮರಿಗೆ ಆಹಾರ ಸಿಗುವುದು ಅದರ ಮೂಲಕ. ಅದಕ್ಕೆ ಸೋಂಕು ತಗುಲಿದರೆ ಮರಿ ಸೊರಗುತ್ತದೆ, ತಾಯಿಯ ಹಾಲು ಕಾಲಕ್ಕೆ ಮೊದಲೇ ಇಳಿಯುತ್ತದೆ. ಇನ್ನೊಂದು ಸಂಗತಿಯಿದೆ. ಕುದುರೆಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಅದು ಬರುವುದು ಕೊಲೊಸ್ಟ್ರಮ್‌ನಿಂದ, ಅಂದರೆ ಗಿಣ್ಣದ ಹಾಲಿನಿಂದ. ಅದೂ ಹುಟ್ಟಿದ ಹನ್ನೆರಡು ಗಂಟೆಯೊಳಗೆ ಹೊಟ್ಟೆ ಸೇರಿದರೆ ಒಳ್ಳೆಯದು. ತಡವಾದಷ್ಟೂ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಈ ತಾಯಿಯ ಮೊಲೆ ಹಿಂಡಿದರೆ ತೆಳ್ಳನೆಯ ಹಾಲು ಬಂತು. ಗಿಣ್ಣವೆಲ್ಲ ಓಣಿಯ ಮಕ್ಕಳ ಹೊಟ್ಟೆ ಸೇರಿಯಾಗಿತ್ತು.

ನಾನು ಇದನ್ನು ವಿವರಿಸಿದಾಗ ರಸೂಲಬಿ ಕುಸಿದು ಕೂತಳು. "ಕೂಸಿನ ಬಾಯಾಗಿಂದು ಕಸಕೊಂಡು ಊರಿಗೆ ಹಂಚಿದೆನಲ್ಲೋ ಮೌಲಾ!" ಎಂದು ಅತ್ತಳು. ಹಂಚಲು ಹೇಳಿದವನು ನಾನು ಎಂದು ಒಪ್ಪಿಕೊಳ್ಳದೆ ಮರಿಯ ಮೈ ಒರೆಸತೊಡಗಿದೆ.

ಅಲ್ಲಿಗೆ ಬಂದಿದ್ದ ಕುದುರೆ ಲಾಳ ಹೊಡೆಯುವವನು ಒಂದು ದಾರಿ ತೋರಿಸಿದ. "ಕಲ್ಯಾಣ್ಯಾಗ ಗೋದಾವರಿಬಾಯಿದು ಮದುವಿ ಮೆರವಣಗಿ ಕುದುರಿ ಅದ. ನಿನ್ನೆ ನೋಡೀನಿ, ಮೊಲಿ ತುದಿಗೆ ಮೇಣ ಕಟ್ಟ್ಯದ. ಇವತ್ತ ನಾಳಿ ಈಯ್ತದ." ಈಗಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದರು. ಹಿಂದಿನ ವರ್ಷದ ಗಲಭೆಯ ನೋವು ಇನ್ನೂ ಆರಿರಲಿಲ್ಲ. ಹಿಂದೂಗಳೂ ಮುಸಲ್ಮಾನರೂ ಒಬ್ಬರ ಮನೆಗೆ ಒಬ್ಬರು ಹೋಗುವುದು ಕಡಿಮೆಯಾಗಿತ್ತು. ಮೌಲಾಸಾಬ ಹಿಂಜರಿದ. ರಸೂಲಬಿ ಕಣ್ಣೊರೆಸಿಕೊಂಡು ಎದ್ದಳು. "ಹಂಚಿದಾಕಿ ನಾನು. ಬೇಡಾಕ ನಾನೇ ಹೋಗ್ತೀನಿ."

ಮರಿಯ ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಗೋಣಿತಟ್ಟು ಹೊದಿಸಿ, ಮೌಲಾಸಾಬನನ್ನು ಕಾವಲಿಗೆ ಕೂರಿಸಿ, ನಾವಿಬ್ಬರೂ ಬಸ್ಸು ಹತ್ತಿದೆವು. ಗೋದಾವರಿಬಾಯಿಯ ಕುದುರೆ ಅದೇ ಬೆಳಿಗ್ಗೆ ಈದಿತ್ತು. ಅದರ ಮರಿ ಹೊಟ್ಟೆ ತುಂಬ ಕುಡಿದು ಅಂಗಳದಲ್ಲಿ ತಕತಕ ಕುಣಿಯುತ್ತಿತ್ತು. ಆದರೆ ಆಕೆ ತಲೆಯಾಡಿಸಿದಳು. "ಐದು ದಿನ ಗಿಣ್ಣ ಹೊಸ್ತಿಲ ದಾಟಸಂಗಿಲ್ರಿ. ಮರಿಗಿ ದೃಷ್ಟಿ ಆಗ್ತದ. ನಿಮ್ಮ ಕುದುರಿ ಹಾಲು ಏನಾತು?"

ನಾನು ಬಾಯಿ ಬಿಡಬೇಕಾದ ಹೊತ್ತು ಅದು. ಅಷ್ಟರಲ್ಲಿ ರಸೂಲಬಿಯೇ ಹೇಳಿದಳು: "ನಂದೇ ತಪ್ಪು ಮಗಳ. ತಿಳೀದ ಕೂಸುಗಳ ಕೆಮ್ಮಿಗೆ ಕರೆದು ಕೊಟ್ಟೆ."

"ಯಾರ ಕೂಸುಗಳಿಗೆ?"

"ಕೇಳಿದವರಿಗೆಲ್ಲಾ. ಕೆಮ್ಮಿಗಿ ಜಾತಿ ಎಲ್ಲದ?"

ಗೋದಾವರಿಬಾಯಿ ಆಕೆಯ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಹಿತ್ತಾಳೆಯ ತಂಬಿಗೆ ತಂದಳು.

ಕುದುರೆಗೆ ಇರುವುದು ಎರಡೇ ಮೊಲೆ. ಒಂದರಲ್ಲಿ ಮರಿ ಕುಡಿಯುತ್ತಿರುವಾಗಲೇ ಇನ್ನೊಂದನ್ನು ಕರೆಯಬೇಕು, ಇಲ್ಲದಿದ್ದರೆ ತಾಯಿ ಹಾಲು ಇಳಿಸುವುದಿಲ್ಲ. ಗೋದಾವರಿಬಾಯಿ ಕುದುರೆಯ ತಲೆ ಹಿಡಿದಳು, ನಾನು ಕರೆದೆ. ಜೇನಿನ ಬಣ್ಣದ ದಪ್ಪ ಹಾಲು ಅರ್ಧ ಸೇರು ಸಿಕ್ಕಿತು. ಮಧ್ಯಾಹ್ನದ ಬಸ್ಸಿನಲ್ಲಿ ರಸೂಲಬಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹುಮನಾಬಾದಿನವರೆಗೂ ಅಲುಗಾಡದೆ ಕೂತಿದ್ದಳು. ಮನೆ ಮುಟ್ಟುವಾಗ ಮರಿ ಹುಟ್ಟಿ ಏಳು ಗಂಟೆ ಕಳೆದಿತ್ತು. ಹಾಲನ್ನು ಒಲೆಯ ಮೇಲಿಡದೆ, ಬಿಸಿನೀರಿನಲ್ಲಿ ತಂಬಿಗೆ ನಿಲ್ಲಿಸಿ ಬೆಚ್ಚಗೆ ಮಾಡಿ, ಮೂಗಿನ ಮೂಲಕ ರಬ್ಬರ್ ನಳಿಗೆ ಇಳಿಸಿ, ನಾಲ್ಕು ಸಲಕ್ಕೆ ಅಷ್ಟಷ್ಟೇ ಕುಡಿಸಿದೆ.

ಮುಂದಿನ ಮೂರು ದಿನ ತಾಯಿಯ ಹಾಲನ್ನೇ ಕರೆದು ನಳಿಗೆಯಲ್ಲಿ ಕುಡಿಸಿದೆವು. ರಕ್ತಕ್ಕೆ ನಂಜೇರಿದರೆ ಕೀಲುಗಳು ಬಾತುಕೊಳ್ಳುತ್ತವೆ ಎಂದು ಹೋದಾಗಲೆಲ್ಲ ಮರಿಯ ಮೊಣಕಾಲು ಮುಟ್ಟಿ ನೋಡುತ್ತಿದ್ದೆ. ನಾಲ್ಕನೆಯ ದಿನ ಅದು ತಾನೇ ಎದ್ದು, ಎರಡು ಸಲ ಮುಗ್ಗರಿಸಿ, ತಾಯಿಯ ಕೆಚ್ಚಲು ಹುಡುಕಿ ಬಾಯಿ ಹಾಕಿತು. ಮೌಲಾಸಾಬ ಎಲ್ಲರೆದುರೂ ಅತ್ತುಬಿಟ್ಟ. ನನಗೂ ಕಣ್ಣು ತುಂಬಿ ಬಂತು.

ಎಂಟನೆಯ ದಿನ ಧೈರ್ಯ ಮಾಡಿ ರಸೂಲಬಿಗೆ ಹೇಳಿದೆ: "ಅಮ್ಮಾ, ತಪ್ಪು ನಿಮ್ಮದಲ್ಲ, ನಂದು."

"ಗೊತ್ತದ್ರಿ" ಎಂದಳು. "ಆದ್ರ ಅವತ್ತ ಹಂಗಂದಿದ್ರ, ಆಕಿ ನಿಮಗ ತನ್ನ ಕುದುರಿ ಮೊಲಿ ಮುಟ್ಟಾಕ ಬಿಡ್ತಿದ್ದಳೇನು?"

ಅದೇ ವಾರ ಟಾಂಗಾ ನಿಲ್ಲುವ ಕಡೆ ಹೋಗಿ, ನಡೆದದ್ದನ್ನೆಲ್ಲ ನನ್ನ ಹೆಸರು ಹಿಡಿದೇ ಹೇಳಿದೆ. ಕೆಲವರು ನಕ್ಕರು. ಆದರೆ ಅಂದಿನಿಂದ, ಹಾಲು ಬೇಗ ಇಳಿದ ಕುದುರೆಗಳನ್ನು ತಡಮಾಡದೆ ನನ್ನ ಬಳಿ ತರತೊಡಗಿದರು. ಗಬ್ಬದ ಕುದುರೆ ಎದುರಿಗೆ ನಿಂತರೆ ರೋಗಿಗಳು ಇಬ್ಬರು ಎಂಬುದನ್ನು ಈ ನೌಕರಿ ನನಗೆ ಹಾಗೆ ಕಲಿಸಿತು. ಇನ್ನೊಂದು ಪಾಠ ಅದಕ್ಕಿಂತ ಕಠಿಣ. ಮರಿಗೆ ಇದ್ದದ್ದು ಹನ್ನೆರಡು ಗಂಟೆಯ ಗಡುವು, ನನ್ನ ತಪ್ಪು ಒಪ್ಪಿಕೊಳ್ಳಲು ನಾನು ತೆಗೆದುಕೊಂಡದ್ದು ಎಂಟು ದಿನ. ಅಷ್ಟೂ ದಿನ ಆ ಭಾರವನ್ನು ಹೊತ್ತವಳು ಒಬ್ಬ ಮುದುಕಿ.